ಎಡಗಾಲಿನ ಐದು ಚುಕ್ಕೆ

ಎಡಗಾಲಿನ ಕಣಕಾಲ ಮೇಲೆ ಸಾಲಾಗಿ ಐದು ಚುಕ್ಕೆ. "ಬೆಕ್ಕು ಪರಚಿತಾ?" ಅಂತ ಮನೆಯವಳು ಕೇಳಿದಳು. ಅಳತೆಪಟ್ಟಿ ಇಟ್ಟು ಪರಚುವ ಬೆಕ್ಕು ಪುಣೆಯಲ್ಲೂ ಇರಲಾರದು. ಇಲ್ಲಿನ ವೇತಾಳ ಟೇಕಡಿ ಅನ್ನುವ ಗುಡ್ಡ ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಸೈಕಲ್ ಕುಪ್ಪಳಿಸಿತು, ಕಾಲು ಜಾರಿತು, ಪೆಡಲ್ ಗರ್ರನೆ ತಿರುಗಿ ಬಂದು ತನ್ನ ಮೈಮೇಲಿನ ಮೊಳೆಯಂಥ ಪಿನ್ನುಗಳನ್ನು ಒತ್ತಿ ಹೋಯಿತು. ಕಾಲು ಜಾರಬಾರದು ಅಂತಲೇ ಇಟ್ಟಿರುವ ಪಿನ್ನುಗಳವು!

ನಾನು ಕುಂಟುವುದನ್ನು ನೋಡಿದ್ದೇ ತಡ, ಆಫೀಸಿನಲ್ಲೊಬ್ಬರು "ಕ್ಲಿಪ್‌ಲೆಸ್ ಹಾಕಿಸ್ಕೊಳ್ಳಿ" ಅಂದರು. ಶೂವನ್ನು ಪೆಡಲಿಗೆ ಟಕ್ ಅಂತ ಕಚ್ಚಿಸುವುದಕ್ಕೆ ಕ್ಲಿಪ್‌ಲೆಸ್ ಅಂತ ಹೆಸರು! ಹಿಂದೆ ಕಾಲ್ಬೆರಳಿಗೆ ಪಂಜರದಂಥ ಕ್ಲಿಪ್ಪು, ಪಟ್ಟಿ ಇರುತ್ತಿತ್ತು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಅದನ್ನು ಕಿತ್ತು ಕಚ್ಚುವ ಪೆಡಲ್ ತಂದಿತು. ಮರುವರ್ಷ ಸೈಕಲ್ ಪಟು ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದ. ಗೆಲ್ಲಲಿ ಬಿಡಿ. ಬೆಳಗ್ಗೆ ಆರಕ್ಕೆ ಮೂವರು ಪಕ್ಕಪಕ್ಕದಲ್ಲಿ ಹರಟುತ್ತಾ ಅವನ ದಾರಿಗೆ ಅಡ್ಡ ನಡೆಯುತ್ತಿರಲಿಲ್ಲ. ನನಗೆ ಥಟ್ಟನೆ ಕಾಲು ಊರಬೇಕು.

ನನ್ನ ಈ ಪಿನ್ನಿನ ಪೆಡಲ್ ಹಾಕಿದ್ದೇ ಒಂದು ಕಥೆ. ನಮ್ಮ ಕೆಳಗಿನ ಮನೆಯ ಕಾಕಾ ಬಿಜಾಪುರದವರು. ಖಡಕಿಯ ಕಾರ್ಖಾನೆಯೊಂದರಲ್ಲಿ 35 ವರ್ಷ ನಟ್ಟು ಬೋಲ್ಟು ಬಿಗಿದವರು. ನಾನು 15 ನಂಬರ್ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಹಳೆಯ ಪೆಡಲ್ ಬಿಚ್ಚುತ್ತಿದ್ದೆ. ಬಲಗಡೆಯದು ಬಂತು. ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. "ಸರಿ ತಮ್ಮಾ, ನಿನ್ನ ಕೈಯಾಗ ಶಕ್ತಿ ಇಲ್ಲ" ಅಂತ ಕಾಕಾ ಪಾನಾ ಕಿತ್ತುಕೊಂಡರು. ಎಣ್ಣೆ ಬಿಟ್ಟರು. ಬೈದರು. ಮನೆಯಿಂದ ಮೂರಡಿ ಪೈಪು ತಂದು ಪಾನಾಕ್ಕೆ ಸಿಕ್ಕಿಸಿದರು. ವಾಚ್‌ಮನ್ ಸೈಕಲ್ ಹಿಡಿದ, ನಾನು ಕ್ರ್ಯಾಂಕ್ ಹಿಡಿದೆ, ಕಾಕಾ ಪೈಪಿನ ಮೇಲೆ ಹೆಚ್ಚುಕಡಿಮೆ ಕೂತೇಬಿಟ್ಟರು. ಪಾನಾ ಜಾರಿತು. ಮೂವರಲ್ಲಿ ನನ್ನ ಬೆರಳಿನ ಚರ್ಮ ಮಾತ್ರ ಹೋಯಿತು. ಅಷ್ಟರಲ್ಲಿ ಹಾಲಿನ ಹುಡುಗ ನಿಂತು ನೋಡಿ, "ಕಾಕಾ, ಡಾವೀಕಡಚಾ ಉಲಟಾ ಅಸತೋ" ಅಂದ. ಎಡಗಡೆಯದಕ್ಕೆ ಉಲ್ಟಾ ಥ್ರೆಡ್ಡು. ಸುಲಟಾ, ಅಂದರೆ ಮಾಮೂಲಿ ಥ್ರೆಡ್ಡು, ಇದ್ದರೆ ತುಳಿದು ತುಳಿದು ತಾನೇ ಬಿಚ್ಚಿಕೊಳ್ಳುತ್ತದೆ. ಅಂದರೆ ಮುಕ್ಕಾಲು ಗಂಟೆ ನಾವು ಮೂವರೂ ಸೇರಿ ಅದನ್ನು ಬಿಗಿ ಮಾಡುತ್ತಿದ್ದೆವು. ಹುಡುಗ ಹಾಲಿನ ಚೀಲ ಕೆಳಗಿಟ್ಟು ಒಂದೇ ಸಲಕ್ಕೆ ಬಿಚ್ಚಿದ.

"ನಾ ಸಡ್ಲ ಮಾಡಿ ಇಟ್ಟಿದ್ದೆ" ಅಂದರು ಕಾಕಾ.

ಇನ್ನು ಶೂ. ಲಕ್ಷ್ಮೀ ರೋಡಿನ ಅಂಗಡಿಯವನು ಒಂದು ಶೂವನ್ನು ಚಪಾತಿಯ ಹಾಗೆ ಮಡಚಿ, ಎಷ್ಟು ಮೆತ್ತಗಿದೆ ನೋಡಿ ಅಂದ. ನನಗೆ ಬೇಕಾದದ್ದು ಅದಲ್ಲ. ಅಡಿ ಚಪ್ಪಟೆಯಾಗಿರಬೇಕು, ಪೆಡಲ್ ಸುತ್ತ ಬಾಗಬಾರದು, ಆದರೆ ರಬ್ಬರ್ ಮಾತ್ರ ಪಿನ್ನು ಇಳಿಯುವಷ್ಟು ಮೃದು. ಹಾಗಾದರೆ ಟ್ರೆಕ್ಕಿಂಗ್ ಶೂ ತಗೊಳ್ಳಿ ಅಂದ. ಅದರ ಗಟ್ಟಿ ಉಬ್ಬುಗಳ ಮಧ್ಯೆ ಪಿನ್ನು ನೆಟ್ಟಗೆ ಕೂರುವುದಿಲ್ಲ. ಹೇಳಿದೆ. ನನ್ನನ್ನು ಒಂಥರಾ ನೋಡಿದ. ಕೊನೆಗೆ ಫೈವ್ ಟೆನ್ ತರಿಸಿದೆ. ಬಂಡೆ ಹತ್ತುವವರ ಶೂ ಮಾಡಿ ಹೆಸರಾದ ಕಂಪನಿ, ಹೆಸರೂ ಬಂಡೆಯ ಕಷ್ಟ ಅಳೆಯುವ ಲೆಕ್ಕದಿಂದಲೇ ಬಂದದ್ದು. ಬೆಲೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಶೂ ಬಂದ ವಾರವೇ ಮಳೆ ಹಿಡಿಯಿತು. ನಮ್ಮ ಮೆಟ್ಟಿಲಿನ ಟೈಲ್ಸ್ ಮಳೆಗಾಲದಲ್ಲಿ ಹಾವಸೆಯ ಹಾಗೆ ಜಾರುತ್ತವೆ. ಬಿಲ್ಡರ್ ಯಾವ ಜನ್ಮದ ಸೇಡು ತೀರಿಸಿಕೊಂಡನೋ. ಕಾಕಾ ಬಾಗಿಲಲ್ಲಿದ್ದ ಶೂ ನೋಡಿ, "ಹಾಲು ತಂದು ಕೊಡ್ತೀನಿ, ಒಂದ್ ಸಲ" ಅಂತ ಮೆಟ್ಟಿಕೊಂಡು ಹೋದರು. ಇಬ್ಬರದೂ 9 ನಂಬರ್. "ಭಾಳ ಚಲೋ ಹಿಡಿತಾವ" ಅನ್ನುತ್ತಾ ವಾಪಸ್ ಬಂದರು. ಈಗ ದಿನಾ ಅದರಲ್ಲೇ ಹಾಲು.

ಇವತ್ತು ಮಳೆ ಬಿಟ್ಟಿತ್ತು. ಟೇಕಡಿಗೆ ಹೊರಟರೆ ಬಾಗಿಲಲ್ಲಿ ಶೂ ಇಲ್ಲ. ಹಳೆಯ ಓಡುವ ಶೂನಲ್ಲೇ ಹೋದೆ. ಬಲಗಾಲಿಗೆ ನಾಲ್ಕು ಚುಕ್ಕೆ.