ಪಿನಟೂಬೊ ಹೊಗೆಯ ಲೆಕ್ಕ: ಆ ಫಾರ್ವರ್ಡ್ ಮೆಸೇಜ್ ತಪ್ಪು

"ಮನುಷ್ಯರು ಇಡೀ ಚರಿತ್ರೆಯಲ್ಲಿ ಬಿಟ್ಟ ಕಾರ್ಬನ್ ಡೈಆಕ್ಸೈಡ್‌ಗಿಂತ ಜಾಸ್ತಿಯನ್ನು ಪಿನಟೂಬೊ ಜ್ವಾಲಾಮುಖಿ ಒಂದೇ ಸಲ ಉಗುಳಿತು. ಕಲ್ಲಿದ್ದಲು ಕಮ್ಮಿ ಮಾಡಿ ಏನೂ ಪ್ರಯೋಜನವಿಲ್ಲ." ಹೀಗೊಂದು ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು. ಅದೂ ಸಣ್ಣ ಸುಳ್ಳಲ್ಲ.

1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಸಿಡಿದಾಗ ಹೊರಬಂದ ಕಾರ್ಬನ್ ಡೈಆಕ್ಸೈಡ್ ಸುಮಾರು 5 ಕೋಟಿ ಟನ್. ನಾವು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟು ಈಗ ವರ್ಷಕ್ಕೆ ಬಿಡುತ್ತಿರುವುದು 3,600 ಕೋಟಿ ಟನ್‌ಗೂ ಜಾಸ್ತಿ. ಅಂದರೆ ದಿನಕ್ಕೆ ಸುಮಾರು 10 ಕೋಟಿ ಟನ್. ಅಷ್ಟು ದೊಡ್ಡ ಸ್ಫೋಟ ನಮ್ಮ ಅರ್ಧ ದಿನದ ಲೆಕ್ಕಕ್ಕೆ ಸಮ, ಅಷ್ಟೇ! ಭೂಮಿಯ ಎಲ್ಲ ಜ್ವಾಲಾಮುಖಿಗಳನ್ನು ಸೇರಿಸಿದರೂ ವರ್ಷಕ್ಕೆ 50 ಕೋಟಿ ಟನ್ ದಾಟುವುದಿಲ್ಲ ಎನ್ನುತ್ತದೆ ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಸಂಸ್ಥೆ.

ಮೆಸೇಜ್ ಬರೆದವರು ಇನ್ನೊಂದನ್ನು ಸುಮ್ನೆ ಬಿಟ್ಟುಬಿಟ್ಟಿದ್ದಾರೆ. ಪಿನಟೂಬೊ ಭೂಮಿಯನ್ನು ಬಿಸಿ ಮಾಡಲಿಲ್ಲ, ತಂಪು ಮಾಡಿತು. ಅದರ ಗಂಧಕದ ಕಣಗಳು ಮೇಲಿನ ವಾತಾವರಣದಲ್ಲಿ ಹರಡಿ ಬಿಸಿಲನ್ನು ತಡೆದವು. ಒಂದೆರಡು ವರ್ಷ ಜಗತ್ತಿನ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಗಾಳಿಯಲ್ಲಿ ಜಾಸ್ತಿಯಾದ ಕಾರ್ಬನ್ ಎಲ್ಲಿಯದು ಅನ್ನುವುದೂ ಊಹೆಯ ಮಾತಲ್ಲ. ಗಿಡಮರಗಳಿಂದ ಹುಟ್ಟಿದ ಕಲ್ಲಿದ್ದಲಿನಲ್ಲಿ ಕಾರ್ಬನ್-13ರ (ಕಾರ್ಬನ್‌ನ ಸ್ವಲ್ಪ ಭಾರದ ರೂಪ) ಪಾಲು ಕಡಿಮೆ. ಜ್ವಾಲಾಮುಖಿಯ ಅನಿಲದಲ್ಲಿ ಹಾಗಿಲ್ಲ. ವಾತಾವರಣದಲ್ಲಿ ಆ ಪಾಲು ವರ್ಷ ವರ್ಷ ಇಳಿಯುತ್ತಲೇ ಇದೆ. ಅಂದರೆ ಜಾಸ್ತಿಯಾದ ಕಾರ್ಬನ್ ಜ್ವಾಲಾಮುಖಿಯದ್ದಲ್ಲ, ನಾವು ಸುಟ್ಟ ಇಂಧನದ್ದು. ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ಬಿಡುವುದನ್ನು ಕಡಿಮೆ ಮಾಡಬೇಕು ಎಂದು ದೇಶಗಳು ಪ್ಯಾರಿಸ್‌ನಲ್ಲಿ 2015ರಲ್ಲಿ ಒಪ್ಪಿಕೊಂಡಿದ್ದು ಸುಮ್ಮನೆ ಅಲ್ಲ.