ಸೈಲೆನ್ಸರ್ ಆಮೇಲೆ, ಮೊದಲು ಟೈರ್

ಬಳ್ಳಾರಿಯಲ್ಲಿ ಹಳೆ ಸ್ಪೋರ್ಟ್ಸ್ ಬೈಕ್ ಕೈಗೆ ಬಂದರೆ ಮೊದಲು ಬಿಚ್ಚುವುದು ಸೈಲೆನ್ಸರ್. ನಾನು ಈಗಿರುವ ಚೆನ್ನೈಯಲ್ಲಿ ರೇಸ್ ಹುಚ್ಚು ಹಿಡಿದವರು ಮೊದಲು ಬಿಚ್ಚುವುದು ಚಕ್ರ. ಊರಿಗೆ ಹೋದಾಗಲೆಲ್ಲ ಇದೇ ವಿಷಯಕ್ಕೆ ಅಕ್ಕನ ಮಗನ ಜೊತೆ ನನ್ನ ಜಗಳ. ಅವನ ಹತ್ತಿರ ಯಮಹಾ ಆರ್15 ಇದೆ. 2008ರಲ್ಲಿ ಮೊದಲು ಬಂತಲ್ಲ, ಆ ಮಾದರಿ. ಮೂರು ಕೈ ದಾಟಿ ಬಂದದ್ದು. ಅದನ್ನು ರೇಸಿಗೆ ಇಳಿಸಬೇಕು, ಖರ್ಚು 40 ಸಾವಿರ ದಾಟಬಾರದು ಅಂತ ಅವನ ಆಸೆ. ಆಸೆ ಸರಿಯಾಗೇ ಇದೆ, ಬೈಕೂ ಒಳ್ಳೆಯದೇ. ದುಡ್ಡು ಹಾಕುವ ಕ್ರಮ ಮಾತ್ರ ನಮ್ಮೂರಲ್ಲಿ ತಲೆಕೆಳಗು.

ಕೌಲ್ ಬಜಾರ್ ಕಡೆಯ ಗ್ಯಾರೇಜೊಂದರಲ್ಲಿ ಅವನಿಗೆ ಸಿಕ್ಕ ಸಲಹೆ ಇದು: "ಬೋರ್ ಮಾಡ್ಸು, ದೊಡ್ಡ ಪಿಸ್ಟನ್ ಹಾಕ್ಸು, ಫಿಲ್ಟರ್ ಓಪನ್ ಮಾಡು. ಸೌಂಡ್ ಇಲ್ದಿದ್ರೆ ರೇಸ್ ಬೈಕ್ ಅಂತಾರೇನಪ್ಪಾ?" ಆರ್‌ಎಕ್ಸ್ 100 ಕಾಲದಿಂದ ಬಂದ ಬುದ್ಧಿ. ಆ ಬೈಕಿಗೆ ಸರಿ, ಕೊರೆದು ದೊಡ್ಡದು ಮಾಡಬಹುದಿತ್ತು. ಆರ್15ರ ಸಿಲಿಂಡರಿಗೆ ಲೈನರೇ, ಅಂದರೆ ಒಳಗೆ ಕೂರಿಸುವ ಬೇರೆ ಕೊಳವೆಯೇ, ಇಲ್ಲ. ಸುಮಾರು ಶೇ 20ರಷ್ಟು ಸಿಲಿಕಾನ್ ಬೆರೆತ ಅಲ್ಯುಮಿನಿಯಂ ಬ್ಲಾಕಿನ ಮೈಮೇಲೇ ಪಿಸ್ಟನ್ ಓಡುತ್ತದೆ. ಯಮಹಾ ಇದನ್ನು ಡಯಾಸಿಲ್ ಅನ್ನುತ್ತದೆ. ಮಾಮೂಲಿ ಬೋರಿಂಗ್ ಇದಕ್ಕೆ ಆಗಿಬರುವುದಿಲ್ಲ.

ಓಪನ್ ಫಿಲ್ಟರ್ ಕಥೆ ಇನ್ನೂ ಕಷ್ಟ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಹೋಗಿ ಬಂದವರಿಗೆ ಗೊತ್ತು, ಬಿಳಿ ಅಂಗಿ ಮನೆಗೆ ಬರುವಾಗ ಯಾವ ಬಣ್ಣದಲ್ಲಿರುತ್ತದೆ ಅಂತ. ಆ ಕೆಂಪು ದೂಳನ್ನು ಎಂಜಿನ್ ನೇರವಾಗಿ ಎಳೆದುಕೊಂಡರೆ ಪಿಸ್ಟನ್ ರಿಂಗ್ ಎಷ್ಟು ದಿನ ಬಾಳಬೇಕು? ಅದೂ ಅಲ್ಲದೆ ಇದು ಇಂಜೆಕ್ಷನ್ ಬೈಕ್. ಗಾಳಿ ಜಾಸ್ತಿ ಬಿಟ್ಟು ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಅದು ಮೊದಲೇ ಕಾದಿರುತ್ತದೆ. ಇದನ್ನು ಸರಿಪಡಿಸಲು ಬೇರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬೇಕು, ಅಲ್ಲಿಗೆ ಬಜೆಟ್ ಮುಗಿಯಿತು.

ಪವರ್ ಬೇಕೇ ಬೇಕು ಅಂದರೆ ಕಾಸಿಲ್ಲದೆ ಸಿಗುವ ದಾರಿ ಒಂದಿದೆ. ಬೈಕಿನ ತೂಕ 131 ಕೆ.ಜಿ., ಪವರ್ 17 ಪಿಎಸ್ (ಹಾರ್ಸ್‌ಪವರ್ ಥರದ್ದೇ ಅಳತೆ). ಹುಡುಗ, ಹೆಲ್ಮೆಟ್, ಸೂಟ್ ಸೇರಿ 80 ಅನ್ನಿ. ಕನ್ನಡಿ, ಹೆಡ್‌ಲೈಟ್, ಸ್ಟ್ಯಾಂಡು, ನಂಬರ್ ಪ್ಲೇಟು, ಹಿಂದಿನವರ ಫುಟ್‌ರೆಸ್ಟು, ಸೀರೆ ಗಾರ್ಡು ಎಲ್ಲ ಕಿತ್ತು 8 ಕೆ.ಜಿ. ಇಳಿಸಿದರೆ ಒಟ್ಟು ತೂಕದಲ್ಲಿ ಶೇ 4ರ ಹತ್ತಿರ ಕಡಿಮೆಯಾಗುತ್ತದೆ. ವೇಗ ಏರುವಾಗ ಇದು ಅರ್ಧ ಪಿಎಸ್‌ಗಿಂತ ಜಾಸ್ತಿ ಸೇರಿಸಿದ ಲೆಕ್ಕ. ಖರ್ಚು ಒಂದು ಸ್ಪ್ಯಾನರ್ ಸೆಟ್. (ರೋಡಿಗೆ ಮಾತ್ರ ಈ ಅವತಾರದಲ್ಲಿ ತರಬೇಡಿ.)

ಇನ್ನು ಚೆನ್ನೈಯವರ ಕ್ರಮ. ಮೊದಲು ಟೈರ್. ಹಳೆ ಬೈಕಿನ ಟೈರಿನ ಮೇಲಿನ ಗೀರು ಚೆನ್ನಾಗಿರುತ್ತದೆ, ರಬ್ಬರ್ ಸತ್ತಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ ನೋಡಿ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅಂಥದ್ದನ್ನು ನಂಬಿ ತಿರುವಿನಲ್ಲಿ ಬೈಕ್ ಮಲಗಿಸಬೇಡಿ. ಅಗಲ ಟೈರ್ ಹಾಕಿಸುವ ಚಟವೂ ಬೇಡ. ಸಣ್ಣ ರಿಮ್ಮಿಗೆ ಅಗಲ ಟೈರ್ ಕೂರಿಸಿದರೆ ಅಂಚು ಒಳಗೆ ಸೆಳೆದುಕೊಂಡು ಆಕಾರ ಕೆಡುತ್ತದೆ. ಕಂಪನಿ ಹೇಳಿದ ಅಳತೆಯಲ್ಲೇ ಮೆತ್ತನೆ ರಬ್ಬರಿನದು ಸಾಕು.

ಆಮೇಲೆ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದಿದರೆ ಲಿವರ್ ಹ್ಯಾಂಡಲ್‌ವರೆಗೂ ಸುಮ್ನೆ ಬಂದುಬಿಡುತ್ತದೆ. ಹೊಸ ಡಾಟ್ 4 ಆಯಿಲ್, ಒಳ್ಳೆ ಪ್ಯಾಡ್, ಸಾಧ್ಯವಾದರೆ ಸ್ಟೀಲ್ ಹೆಣಿಗೆಯ ಹೋಸ್. ಇಷ್ಟಕ್ಕೆ ದೊಡ್ಡ ದುಡ್ಡು ಬೇಡ.

ನನಗೆ ತುಂಬಾ ಇಷ್ಟವಾದ ಕೆಲಸ ಮುಂದಿನ ಫೋರ್ಕಿನದು, ಅಂದರೆ ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳದು. ಶ್ರೀಪೆರಂಬದೂರು ಕಡೆ ಒಬ್ಬ ಗೆಳೆಯ ಫೋರ್ಕಿನ ಕೊಳವೆಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟುತ್ತಾನೆ, ಸೀಲಿನ ಮೇಲೆ ತಾಗುವಂತೆ. ಒಂದು ಸುತ್ತು ಹೊಡೆದು ಬಂದಾಗ ಅದು ಎಲ್ಲಿಗೆ ಸರಿದಿದೆಯೋ ಅಲ್ಲಿವರೆಗೆ ಫೋರ್ಕ್ ಕುಸಿದಿದೆ ಅಂತ ಅರ್ಥ. ಪೂರ್ತಿ ತುದಿಗೆ ಹೋಗಿದ್ದರೆ ಮೆದು ಜಾಸ್ತಿಯಾಯಿತು. ಆಗ ಮೇಲಿನ ಮುಚ್ಚಳ ಬಿಚ್ಚಿ ಸ್ಪ್ರಿಂಗಿನ ಮೇಲೆ ಪಿವಿಸಿ ಪೈಪಿನ ಸಣ್ಣ ತುಂಡು ಇಡುತ್ತಾನೆ, ಮನೆ ನಲ್ಲಿಗೆ ಹಾಕುವುದೇ. ಸವಾರ ಕೂತಾಗ ಫೋರ್ಕ್ 30ರಿಂದ 35 ಮಿ.ಮೀ. ಇಳಿಯುವಂತೆ ನೋಡಿಕೊಳ್ಳುತ್ತಾನೆ. ಫೋರ್ಕ್ ಆಯಿಲ್ ಸ್ವಲ್ಪ ಗಟ್ಟಿ ಗ್ರೇಡಿನದು. ಹೊಸ ಸೀಲು, ಸ್ಟೇರಿಂಗಿನ ಕೋನ್ ಸೆಟ್ಟು. ಬ್ರೇಕ್ ಹಿಡಿದಾಗ ಮೂತಿ ನೆಲಕ್ಕೆ ಕುಕ್ಕುತ್ತಿದ್ದ ಬೈಕು ಆಮೇಲೆ ಹೇಳಿದ ಮಾತು ಕೇಳುತ್ತದೆ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದರೆ ಅವನ ಉತ್ತರ: "ಮಾಮಾ, ನಿಮ್ಗೇನು, ಅಲ್ಲಿ ಟ್ರ್ಯಾಕ್ ಐತೆ. ಇಲ್ಲಿ ತಿರುವು ಎಲ್ಲೈತೆ ಹೇಳಿ?"

ಮಾತು ನಿಜ. ನಮ್ಮೂರ ಹುಡುಗರಿಗೆ ಬುದ್ಧಿ ಕಡಿಮೆ ಅಂತಲ್ಲ. ಹೊಸಪೇಟೆ ರೋಡು, ಬೈಪಾಸು, ಎಲ್ಲ ನೆಟ್ಟಗೆ. ನೆಟ್ಟಗಿನ ರೋಡಿನಲ್ಲಿ ಗೆಲ್ಲಲು ಬೇಕಾದದ್ದು ಎಂಜಿನ್, ಗೆದ್ದದ್ದು ಊರಿಗೆ ಗೊತ್ತಾಗಲು ಸೌಂಡು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯ ಟ್ರ್ಯಾಕ್ 1990ರಿಂದ ಇದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು, 3.7 ಕಿ.ಮೀ., 12 ತಿರುವು. ಅಲ್ಲಿ ಬರೀ ಎಂಜಿನ್ ನೆಚ್ಚಿಕೊಂಡವನು ನೇರ ದಾರಿಯಲ್ಲಿ ಮುಂದೆ ಹೋಗಿ ಮುಂದಿನ ತಿರುವಿನಲ್ಲಿ ಅಷ್ಟನ್ನೂ ವಾಪಸ್ ಕೊಡುತ್ತಾನೆ.

ಟ್ರ್ಯಾಕಿನ ಜೊತೆ ಬರುವ ಇನ್ನೊಂದು ಶಿಸ್ತು ಸ್ಕ್ರೂಟಿನಿ, ಅಂದರೆ ರೇಸಿಗೆ ಮುಂಚೆ ಬೈಕಿನ ತಪಾಸಣೆ. ಆಯಿಲ್ ಡ್ರೇನ್ ಬೋಲ್ಟು ಕಂಪನಕ್ಕೆ ಸಡಿಲವಾಗದಂತೆ ತೂತು ಕೊರೆದು ತಂತಿ ಬಿಗಿಯಬೇಕು. ರೇಡಿಯೇಟರಿನಲ್ಲಿ ಸಾಮಾನ್ಯವಾಗಿ ಕೂಲಂಟ್ ಬಿಡುವುದಿಲ್ಲ, ಬರೀ ನೀರು. ಕೂಲಂಟ್ ಚೆಲ್ಲಿದರೆ ಹಿಂದೆ ಬರುವವನು ಜಾರಿ ಬೀಳುತ್ತಾನೆ. ನಿನ್ನ ಬೈಕು ಇನ್ನೊಬ್ಬನನ್ನು ಬೀಳಿಸಬಾರದು ಅನ್ನುವ ಯೋಚನೆ ನಮ್ಮ ಬೈಪಾಸ್ ಶೂರರಿಗೆ ಹೊಳೆಯುವುದೇ ಇಲ್ಲ. ಎದುರಿಗೆ ಟಿಪ್ಪರ್ ಬರುವ ರೋಡಿನಲ್ಲಿ ರೇಸ್ ಮಾಡುವವರ ಜೊತೆ ನನಗೆ ವಾದವೇ ಬೇಡ. ಹಾಗಂತ ಟ್ರ್ಯಾಕ್ ಹೂವಿನ ಹಾಸಿಗೆಯೂ ಅಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ರೇಸ್‌ನಲ್ಲಿ ಬಿದ್ದು ತೀರಿಕೊಂಡ.

ಚೆನ್ನೈಯವರದ್ದೆಲ್ಲ ಸರಿ ಅಂತಲೂ ನಾನು ಹೇಳುವುದಿಲ್ಲ. ಇಲ್ಲಿ ಒಂದು ಬ್ರ್ಯಾಕೆಟ್ ಮುರಿದರೂ ಆನ್‌ಲೈನಿನಲ್ಲಿ ಆರ್ಡರ್ ಹಾಕಿ ವಾರ ಕಾಯುತ್ತಾರೆ. ಬಳ್ಳಾರಿಯಲ್ಲಿ ಟಿಪ್ಪರ್ ಕೆಲಸ ಮಾಡಿ ಪಳಗಿದ ಲೇತ್‌ನವರು ಅದನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಮಾಡಿ ಕೊಡುತ್ತಾರೆ. ಕಾಲಿಡುವ ಪೆಗ್ ಹಿಂದಕ್ಕೆ, ಮೇಲಕ್ಕೆ ಸರಿಸುವ ಪ್ಲೇಟು, ಎಂಜಿನ್ ಕೆಳಗೆ ಆಯಿಲ್ ಹಿಡಿಯುವ ತಟ್ಟೆ, ಚೈನಿಗೆ ಕಾಲು ಸಿಗದಂತೆ ಗಾರ್ಡು, ಒಡೆದ ಫೇರಿಂಗಿಗೆ ಪ್ಲಾಸ್ಟಿಕ್ ವೆಲ್ಡಿಂಗು. ಅಳತೆ ಬರೆದು ಕೊಟ್ಟರೆ ಸಾಕು. ನನ್ನ ಚೆನ್ನೈ ಗೆಳೆಯರು ಇದಕ್ಕೆ ಕೊಡುವ ದುಡ್ಡು ಕೇಳಿದರೆ ನಮ್ಮವರು ನಗುತ್ತಾರೆ. ಹಾಗಾಗಿ ಟೈರು, ಪ್ಯಾಡು, ಸೀಲು ಹೊಸದು ತರಿಸು, ಉಳಿದದ್ದನ್ನು ಬಳ್ಳಾರಿಯಲ್ಲೇ ಮಾಡಿಸು ಅನ್ನುವುದು ನನ್ನ ಲೆಕ್ಕ.

ಎಂಜಿನ್ನಿಗೆ ವಾಲ್ವ್ ಕ್ಲಿಯರೆನ್ಸ್, ಪ್ಲಗ್, ಹೊಸ ಆಯಿಲ್, ಸವೆದಿದ್ದರೆ ಕ್ಲಚ್ ಪ್ಲೇಟ್. ಆಟ ಆಡಲೇಬೇಕಿದ್ದರೆ ಚೈನ್ ಓಡಿಸುವ ಹಲ್ಲುಚಕ್ರ, ಅಂದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ ನೋಡಲಿ. ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದ್ದಕ್ಕೆ ಹೆಚ್ಚುಕಡಿಮೆ ಸಮ. ತಿರುವಿನಿಂದ ಹೊರಗೆ ಎಳೆತ ಗೊತ್ತಾಗುತ್ತದೆ, ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ.

ದೂರದ ಮಾತು ಬಂದೇ ಬರುತ್ತದೆ. ಬಳ್ಳಾರಿಯಿಂದ ಇಲ್ಲಿಗೆ ಸುಮಾರು 500 ಕಿ.ಮೀ. ಬೈಕನ್ನು ಪೆಟ್ರೋಲ್ ಖಾಲಿ ಮಾಡಿ ರೈಲಿನ ಪಾರ್ಸೆಲ್ಲಿಗೆ ಹಾಕಬಹುದು. ಅದಕ್ಕೂ ಮೊದಲು ಬೆಂಗಳೂರಿನ ಸುತ್ತಮುತ್ತಲ ಗೋ ಕಾರ್ಟ್ ಟ್ರ್ಯಾಕ್‌ನವರನ್ನು ಕೇಳಲಿ, ಬೈಕ್ ಬಿಡುವ ದಿನ ಸಿಕ್ಕರೆ ತಿರುವು ಕಲಿಯಲು ಅಷ್ಟು ಸಾಕು. ರೇಸಿಗೆ ನಿಲ್ಲಬೇಕಾದಾಗ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು, ಅದಕ್ಕೆ ತರಬೇತಿಯೂ ಬೇಕು.

ಈ ಎಲ್ಲ ಮಾತು ಕೇಳಿಸಿಕೊಂಡ ಅಕ್ಕ ಕೊನೆಗೆ ಕೇಳಿದ್ದು ಒಂದೇ. "ಏನೋ ತೊಗಲಿನ ಸೂಟ್ ಅಂತಿದ್ಯಲ್ಲ, ಅದು ಆ 40 ಸಾವಿರದಾಗೇ ಬರ್ತದೇನೋ?" ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಬೇರೆ ದುಡ್ಡು ಬೇಕು. ಅಕ್ಕ ಅದನ್ನು ತಾನು ಕೊಡಿಸುತ್ತಾಳಂತೆ. ಸೂಟ್ ಬರುವವರೆಗೆ ಬೈಕಿನ ಕೀ ಅವಳ ಹತ್ತಿರವೇ ಇರುತ್ತದಂತೆ.