ಮೆಹಂದಿ ರಾತ್ರಿ ಹಾಕಬಾರದ ಹಾಡು

ಮೊನ್ನೆ ನಮ್ಮ ಕಲಬುರಗಿ ಕಡೆ ಒಂದು ಮದುವೆ. ಮೆಹಂದಿ ರಾತ್ರಿ 'ಫಿರ್ ಛಿಡೀ ರಾತ್, ಬಾತ್ ಫೂಲೋಂ ಕೀ' ಹಾಕಿದ್ದರು. ಲತಾ, ತಲತ್ ಅಜೀಜ್, ಹೂವು, ರಾತ್ರಿ. ಎಲ್ಲರೂ ತಲೆದೂಗುತ್ತಿದ್ದರು. ನನಗೆ ಮಾತ್ರ ಕೂತಲ್ಲೇ ಕಸಿವಿಸಿ. ಅದು ಎಂಥ ಸಿನಿಮಾದ ಹಾಡು ಅಂತ ಗೊತ್ತಿದ್ದವರು ಮದುವೆ ಮನೆಯಲ್ಲಿ ಹಾಕ್ತಾರಾ?

'ಬಾಜಾರ್', 1982. 'ಕಭೀ ಕಭೀ', 'ಸಿಲ್ಸಿಲಾ'ಗಳಿಗೆ ಸಂಭಾಷಣೆ ಬರೆದ ಸಾಗರ್ ಸರ್ಹದಿಯ ಮೊದಲ ನಿರ್ದೇಶನ. ಕಥೆ ಹೈದರಾಬಾದಿನದು. ಗಲ್ಫ್ ದುಡ್ಡಿನ ವಯಸ್ಸಾದ ಗಂಡಸಿಗೆ ಎಳೇ ಹುಡುಗಿ ಬೇಕು, ಬಡ ಮನೆಗೆ ಹಣ ಬೇಕು. ವ್ಯವಹಾರ ಕುದುರುತ್ತದೆ, ಅದಕ್ಕೆ ನಿಕಾಹ್ ಅಂತ ಹೆಸರು. ಶಬ್ನಮ್ ಆಗಿ ಸುಪ್ರಿಯಾ ಪಾಠಕ್, ಅವಳನ್ನು ಪ್ರೀತಿಸುವ ಸರ್ಜು ಆಗಿ ಫಾರೂಕ್ ಶೇಖ್.

ನನಗೆ ಆ ಗಂಡಸಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ನಜ್ಮಾ, ಅಂದರೆ ಸ್ಮಿತಾ ಪಾಟೀಲ್. ತಾನು ನಂಬಿದವನ ಜೊತೆ ತನ್ನ ಮದುವೆ ಆಗಲಿ ಅನ್ನೋ ಆಸೆಗೆ ಇನ್ನೊಬ್ಬಳನ್ನು ಹುಡುಕಿಕೊಡುತ್ತಾಳೆ. ಕೆಟ್ಟವಳಲ್ಲ. ನಾವು ನೀವು ಇರೋ ಹಾಗೇ ಇದ್ದಾಳೆ, ಅಷ್ಟೇ. ನಸೀರುದ್ದೀನ್ ಶಾ ಮಾಡಿದ, ನಜ್ಮಾಳನ್ನು ಇಷ್ಟಪಡುವ ಕವಿ ಸಲೀಂ ಮಾತ್ರ ಕೆಲವು ಕಡೆ ಭಾಷಣಕ್ಕೇ ನಿಂತುಬಿಡುತ್ತಾನೆ, ಅದು ನನಗೆ ಸ್ವಲ್ಪ ಅತಿ ಅನಿಸಿತು.

ಸಂಗೀತ ಖಯ್ಯಾಮ್ ಅವರದು. ಹಿಂದಿನ ವರ್ಷವಷ್ಟೇ 'ಉಮ್ರಾವ್ ಜಾನ್' ಬಂದಿತ್ತು, ಜನ ಇವತ್ತಿಗೂ ಅದನ್ನೇ ಹೊಗಳುತ್ತಾರೆ. ನನಗೆ 'ಬಾಜಾರ್' ಒಂದು ಕೈ ಮೇಲು. ಇಲ್ಲಿನ ಹಾಡುಗಳು ಹೆಚ್ಚಾಗಿ ಹಳೆಯ ಕವಿಗಳಿಂದ ತಂದವು. 'ದಿಖಾಯೀ ದಿಯೇ ಯೂಂ' ಹದಿನೆಂಟನೇ ಶತಮಾನದ ಮೀರ್ ತಕೀ ಮೀರ್ ಅವರದು. ಹೂವಿನ ಗಜಲ್ ಮಖ್ದೂಮ್ ಮೊಹಿಯುದ್ದೀನ್ ಅವರದು. ತೆಲಂಗಾಣ ರೈತ ಹೋರಾಟದಲ್ಲಿದ್ದ ಕಮ್ಯುನಿಸ್ಟ್ ಆತ, ತೀರಿಕೊಂಡಿದ್ದು 1969ರಲ್ಲಿ. ಆ ಹೋರಾಟ ಶುರುವಾದಾಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಎಲ್ಲ ತೆಲಂಗಾಣದ ಜೊತೆ ನಿಜಾಮನ ರಾಜ್ಯದಲ್ಲೇ ಇದ್ದವಲ್ಲ, ಹಾಗಾಗಿ ಒಂಥರಾ ನಮ್ಮ ಕವಿಯೂ ಹೌದು.

ಆದರೆ ಎದೆ ಹಿಂಡೋದು 'ದೇಖ್ ಲೋ ಆಜ್ ಹಮ್ಕೋ ಜೀ ಭರ್ ಕೇ', ಅಂದರೆ ಇವತ್ತು ನನ್ನನ್ನು ಕಣ್ತುಂಬ ನೋಡಿಕೋ ಅಂತ. ಹಾಡಿದ್ದು ಖಯ್ಯಾಮ್ ಹೆಂಡತಿ ಜಗಜೀತ್ ಕೌರ್. ಲತಾ ದನಿಯ ನಯ ಇಲ್ಲಿಲ್ಲ, ಒಳಮನೆಯಲ್ಲಿ ಯಾರೋ ಅಳು ನುಂಗಿಕೊಂಡು ಹಾಡಿದ ಹಾಗಿದೆ. ಸಾಲುಗಳು ಲಖನೌದ ಮಿರ್ಜಾ ಶೌಕ್ ಬರೆದ 'ಜಹರೆ ಇಶ್ಕ್' ಅನ್ನೋ ಹಳೇ ಕಥನಕಾವ್ಯದ್ದು. ಅದರಲ್ಲಿ ಪ್ರೇಮಿಗೆ ಕೊನೇ ಮಾತು ಹೇಳಿ ಹುಡುಗಿ ವಿಷ ಕುಡಿಯುತ್ತಾಳೆ. ಶಬ್ನಮ್ ಮಾಡೋದೂ ಅದನ್ನೇ. ಉರ್ದು ಬಲ್ಲವರಿಗೆ ಹಾಡು ಶುರುವಾದಾಗಲೇ ಮುಂದಿನದು ಗೊತ್ತಾಗಿರುತ್ತೆ. ನನಗೆ ಇದು ತಿಳಿದಿದ್ದು ಸಿನಿಮಾ ನೋಡಿ ಎಷ್ಟೋ ವರ್ಷದ ಮೇಲೆ, ತಿಳಿದ ದಿನ ರಾತ್ರಿ ಮತ್ತೆ ಹಾಡು ಹಾಕಿ ಅರ್ಧಕ್ಕೇ ನಿಲ್ಲಿಸಿದೆ.

ಸುಮ್ನೆ ಸಿನಿಮಾ ಕಥೆ ಅನ್ನಬೇಡಿ. 1991ರಲ್ಲಿ ಹೈದರಾಬಾದಿನಿಂದ ಹೊರಟ ವಿಮಾನದಲ್ಲಿ ಒಬ್ಬ ಪುಟ್ಟ ಹುಡುಗಿ ಅಳುತ್ತಾ ಕೂತಿದ್ದಳು. ಪಕ್ಕದಲ್ಲಿದ್ದ 'ಗಂಡ' ಅಜ್ಜನ ವಯಸ್ಸಿನ ಸೌದಿಯವನು. ಗಗನಸಖಿಯೊಬ್ಬರು ಯಾಕಮ್ಮ ಅಂತ ಕೇಳಿದ್ದಕ್ಕೆ ವಿಷಯ ಹೊರಗೆ ಬಂತು. ಸಿನಿಮಾ ಬಂದು ಆಗ ಒಂಬತ್ತು ವರ್ಷ.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿದ್ದರೂ ಮದುವೆ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಹಾಡು ಮುಗಿಯಿತು. ಮದುಮಗಳ ಚಿಕ್ಕಮ್ಮ, "ಭಾರಿ ಚಂದ ಅದ, ಇನ್ನೊಮ್ಮೆ ಹಾಕ್ರಿ" ಅಂದರು. ಹಾಕಿದರು. ನಾನೂ ಕೂತು ಪೂರ್ತಿ ಕೇಳಿದೆ.